ಸಕ್ಕರೆ ಎಲ್ಲಿ, ನೀರು ಅಲ್ಲಿ

ಹೊಸದಾಗಿ ವಿಜ್ಞಾನದ ಮೇಷ್ಟ್ರುಗಳಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಸರ್, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಅವರಿಗೆ ಬೇಕಾದದ್ದು ಏನು ಅಂತ ನನಗೆ ಗೊತ್ತಿಲ್ಲವೇ? ನನ್ನ ಕೈಯಲ್ಲಿ ಕಲಿತ ಎಷ್ಟು ಮಕ್ಕಳು ಡಾಕ್ಟರಾದರು, ಬೀಳ್ಕೊಡುಗೆಯಲ್ಲಿ ಎಂಥ ಶಾಲು ಹೊದಿಸಿದರು, ಅಷ್ಟೇ. ಶಾಲು ಟ್ರಂಕಿನಲ್ಲಿದೆ, ನುಸಿ ತಿನ್ನುತ್ತಿದೆ. ನಾನು ಹೇಳುವುದು ಒಂದು ಪಾಠದ ವಿಷಯ. ಜೀವಕೋಶದ ಪೊರೆಯ ಪಾಠ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ, ಎದುರಿಗಿದ್ದವರ ಮುಖ ನೋಡಲಾಗುವುದಿಲ್ಲ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಜಗಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ, ಎಪ್ಪತ್ತರ ದಶಕದ ಶುರುವಿನಲ್ಲಿ. ಪ್ರಯೋಗಶಾಲೆ ಅಂದರೆ ಒಂದು ಕಪಾಟು. ಕಪಾಟಿನ ಬೀಗದಕೈ ಹೆಡ್ಮಾಸ್ಟರ ಉಡಿದಾರದಲ್ಲಿ. ಒಡೆದರೆ ಯಾರು ಕೊಡುತ್ತಾರೆ ಅಂತ ಅವರು ಗಾಜಿನ ಒಂದು ನಳಿಕೆಯನ್ನೂ ಹೊರಗೆ ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ಪೊರೆಯ ಪಾಠ ಹೀಗಿತ್ತು: ಪ್ರತಿ ಜೀವಕೋಶದ ಸುತ್ತ ತೆಳ್ಳಗಿನ ಪೊರೆ ಇರುತ್ತದೆ, ನೀರು ಅದನ್ನು ದಾಟುತ್ತದೆ, ಸಕ್ಕರೆಯಂಥವು ಸುಲಭಕ್ಕೆ ದಾಟುವುದಿಲ್ಲ, ಹಾಗಾಗಿ ಸಕ್ಕರೆ ಗಟ್ಟಿಯಾಗಿರುವ ಕಡೆಗೆ ನೀರು ಹರಿಯುತ್ತದೆ. ಇದನ್ನು ತೋರಿಸಲು ಕೋಳಿಮೊಟ್ಟೆ ಬೇಕು. ಅದರ ಚಿಪ್ಪನ್ನು ಆಮ್ಲದಲ್ಲಿ ಕರಗಿಸಿದರೆ ಒಳಗಿನ ಪೊರೆ ಹಾಗೇ ಉಳಿಯುತ್ತದೆ. ನಾನು ಹೊಸಬ, ಹುರುಪು ಜಾಸ್ತಿ. ಸಂತೆಯಿಂದ ಮೊಟ್ಟೆ ತಂದು ಮೇಜಿನ ಮೇಲೆ ಇಟ್ಟೇಬಿಟ್ಟೆ.

ಹೆಡ್ಮಾಸ್ಟರು ಬಾಗಿಲಲ್ಲೇ ನಿಂತರು. ಹಣೆಯ ವಿಭೂತಿ ಕೂಡ ಕೆಂಪಾದ ಹಾಗೆ ಕಂಡಿತು.

"ಏನ್ರೀ ಅದು?"

"ಮೊಟ್ಟೆ ಸಾರ್. ಪ್ರಯೋಗಕ್ಕೆ."

"ಶಾರದಾ ಪೂಜೆ ಮಾಡೋ ಕೋಣಿಗೆ ತತ್ತಿ ತಂದೀರಲ್ರೀ! ಊರಾಗೆ ನಾನು ಮುಖ ಎತ್ಕೊಂಡು ತಿರುಗಾಕೆ ಬ್ಯಾಡೇನ್ರೀ? ಮೊದ್ಲು ಹೊರಗ್ ಹಾಕ್ಸ್ರಿ."

ಜವಾನ ಮೊಟ್ಟೆಗಳನ್ನು ಬಹಳ ಭಕ್ತಿಯಿಂದ ಹೊರಗೆ ಒಯ್ದ. ಅವು ಅವನ ಮನೆಯ ಸಾರಿಗೆ ಸೇರಿದವು ಅಂತ ಮಾರನೆಯ ದಿನ ಅವನೇ ಹೇಳಿದ, ರುಚಿಯನ್ನೂ ವರ್ಣಿಸಿದ. ಕೋಣೆಯನ್ನು ಸಗಣಿ ಹಾಕಿ ಸಾರಿಸಿದರು. ಹುಡುಗರು ಒಂದು ವಾರ ನನ್ನನ್ನು ಕಂಡರೆ ಕೊಕ್ಕೊಕ್ಕೋ ಅಂದರು. ಅಂದಿನಿಂದ ನಾನು ಆಲೂಗಡ್ಡೆ ಹಿಡಿದೆ.

ಹಸಿ ಆಲೂಗಡ್ಡೆಯ ತಳದ ಸಿಪ್ಪೆ ಹೆರೆದು, ನಡುವೆ ಗುಳಿ ತೋಡಿ, ಗುಳಿಗೆ ಸಕ್ಕರೆ ಹಾಕಿ ನೀರಿನ ತಟ್ಟೆಯಲ್ಲಿ ಕೂರಿಸಬೇಕು. ನೀರಿಗೆ ಒಂದು ತೊಟ್ಟು ಶಾಯಿ. ಕೆಲವು ತಾಸಿನಲ್ಲಿ ತಟ್ಟೆಯ ನೀರು ಆಲೂಗಡ್ಡೆಯ ಮೈ ದಾಟಿ ಬಂದು ಗುಳಿ ತುಂಬಿಕೊಳ್ಳುತ್ತದೆ. ಮಡಿಗೂ ಭಂಗವಿಲ್ಲ, ಖರ್ಚೂ ಇಲ್ಲ. ಅಂದಿನ ಮಟ್ಟಿಗೆ ನಾನು ಗೆದ್ದೆ ಅಂದುಕೊಂಡೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಚನ್ನಗಿರಿ ತಾಲ್ಲೂಕಿನಲ್ಲಿದ್ದೆ, ನಲ್ಲೂರಿನಿಂದ ಆಚೆಗೆ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಈಗಲೂ ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ, ಅದೇ ನನಗೆ ಕಷ್ಟ. ಆ ಊರಲ್ಲಿ ನನಗೆ 'ಆಲೂಗಡ್ಡೆ ಮೇಷ್ಟ್ರು' ಅಂತಲೇ ಹೆಸರು. ಬೈಗುಳವಲ್ಲ, ಪ್ರೀತಿ. ಪಾಠಕ್ಕೆ ನಾನೊಂದು ಘೋಷಣೆ ಕಟ್ಟಿದ್ದೆ. ನಾನು ಮೇಜು ಕುಟ್ಟಿ "ಸಕ್ಕರೆ ಎಲ್ಲಿ?" ಅಂದರೆ ಇಡೀ ತರಗತಿ "ನೀರು ಅಲ್ಲಿ!" ಅಂತ ಹೆಂಚು ಹಾರುವ ಹಾಗೆ ಕೂಗಬೇಕು. ಆಗ ನಾವೆಲ್ಲ ಪಾಠ ಮಾಡುತ್ತಿದ್ದದ್ದೇ ಹಾಗೆ. ಒಮ್ಮೆ ರಾಗವಾಗಿ ಬಾಯಿಗೆ ಬಂದದ್ದು ಸಾಯುವ ತನಕ ಹೋಗುವುದಿಲ್ಲ ಎಂಬುದು ನಮ್ಮ ಹೆಮ್ಮೆ.

ಇನ್ಸ್‌ಪೆಕ್ಟರು ಬಂದ ದಿನ ತಾಸುಗಟ್ಟಲೆ ಕಾಯುವ ಪುರಸೊತ್ತು ಯಾರಿಗಿದೆ? ಬೆಳಿಗ್ಗೆಯೇ ಒಂದು ಆಲೂಗಡ್ಡೆಯ ಗುಳಿ ತುಂಬಿಸಿಟ್ಟು, ಅವರೆದುರು ಕೂರಿಸಿದ ಒಣ ಗುಳಿಯದನ್ನು ಮೆಲ್ಲಗೆ ಮರೆಮಾಡಿ ಅದನ್ನು ಮುಂದಿಟ್ಟೆ. ಅವರು ಬೆನ್ನು ತಟ್ಟಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸ ಮೇಷ್ಟ್ರುಗಳೇ, ಇನ್ಸ್‌ಪೆಕ್ಟರಿಗೆ ಮಂಕುಬೂದಿ ಎರಚಬಹುದು, ಮೊದಲ ಬೆಂಚಿನ ಹುಡುಗಿಗೆ ಆಗುವುದಿಲ್ಲ. ಆದರೆ ಆ ಹುಡುಗಿ, ಅವಳ ಹೆಸರು ಶಾಂತ, ನನ್ನನ್ನು ಬಿಟ್ಟುಕೊಡಲಿಲ್ಲ. "ಮೊದ್ಲು ಮಾಡಿದ್ದನ್ನ ನಾನೇ ಕಣ್ಣಾರೆ ನೋಡೀನಿ, ತುಂಬೇ ತುಂಬ್ತೈತೆ" ಅಂತ ಗೆಳತಿಯರ ಹತ್ತಿರ ನನ್ನ ಪರ ವಾದ ಮಾಡಿದಳಂತೆ. ಅಷ್ಟು ನಂಬಿದ್ದಳು.

ಶಾಂತ ಬುದ್ಧಿವಂತೆ. ಹೇಳಿದ್ದನ್ನು ಒಪ್ಪಿಸಿ ಕೂರುವ ಪೈಕಿ ಅಲ್ಲ. ಒಂದು ದಿನ ಎದ್ದು ನಿಂತು ಕೇಳಿದಳು: "ಸಾ, ಸಕ್ಕರೆ ನೀರ್ನ ಎಳಿತೈತೆ ಅಂದ್ರೆ, ಭೇದಿ ಆದಾಗ ಸಕ್ಕರೆ ನೀರು ಕುಡಿಸ್ಬಾರ್ದಲ್ವಾ? ಮೈಯಾಗಿನ ನೀರೆಲ್ಲ ಕರುಳಿಗೆ ಬಂದುಬಿಡ್ತೈತಲ್ವಾ?"

ನಾನು ಉಬ್ಬಿಹೋದೆ. ಪುಸ್ತಕದ ಪಾಠವನ್ನು ಬದುಕಿಗೆ ಹಚ್ಚಿದ್ದಳಲ್ಲ! "ಭಲೇ! ಸಕ್ಕರೆ ಎಲ್ಲಿ?" ಅಂದೆ. "ನೀರು ಅಲ್ಲಿ!" ಅಂತ ತರಗತಿ ಕೂಗಿತು. ಪರೀಕ್ಷೆಯಲ್ಲಿ ಅದನ್ನೇ ಬರೆದಳು. ಪೂರ್ತಿ ಅಂಕ ಕೊಟ್ಟೆ. ಸಾಲದು ಅಂತ ಆ ಉತ್ತರವನ್ನು ಎಲ್ಲರೆದುರು ಓದಿ ಹೇಳಿದೆ.

ಆ ವರ್ಷ ಮುಂಗಾರಿನ ಹೊಸ ನೀರಿಗೆ ಊರಲ್ಲಿ ವಾಂತಿಭೇದಿ ಎದ್ದಿತು. ನರ್ಸಮ್ಮ ಕಮಲಮ್ಮ ಒಂದು ಚೀಲ ಹೊತ್ತು ಸ್ಕೂಲಿಗೆ ಬಂದರು. ಚೀಲದ ತುಂಬ ಪುಡಿಯ ಪೊಟ್ಟಣ. ಆಗ ತಾನೇ ಸರ್ಕಾರದಿಂದ ಬಂದಿದ್ದವು. ಕುದಿಸಿ ಆರಿಸಿದ ನೀರಿಗೆ ಇದನ್ನು ಹಾಕಿ ಕದಡಿ ಕುಡಿಸಬೇಕು, ಪೊಟ್ಟಣ ಇಲ್ಲದಿದ್ದರೆ ಉಪ್ಪು ಸಕ್ಕರೆ ಅಳತೆಯಿಂದ ಬೆರೆಸಿ ಕೊಡಬೇಕು, ಮನೆಯಲ್ಲಿ ಹೇಳಿ ಮಕ್ಕಳೇ, ಅಂದರು. ಕಷ್ಟದ ಕೆಲಸ ಅದು. ಭೇದಿಯಾದ ಕೂಸಿಗೆ ಕುಡಿಸಿದಷ್ಟೂ ಹೋಗುತ್ತದೆ ಅಂತ ನೀರನ್ನೇ ನಿಲ್ಲಿಸುತ್ತಿದ್ದ ಜನ ನಮ್ಮವರು. ಕಮಲಮ್ಮ ಮನೆಮನೆ ಅಲೆದು, ಬೈಸಿಕೊಂಡು, ಆ ತಿಂಗಳಷ್ಟೇ ಕೆಲವರನ್ನು ಒಪ್ಪಿಸಿದ್ದರು.

ಶಾಂತ ಎದ್ದಳು. "ಇದ್ರಾಗೆ ಸಕ್ಕರೆ ಐತಾ ನರ್ಸಮ್ಮ?"

"ಗ್ಲೂಕೋಸು ಐತವ್ವಾ, ಉಪ್ಪೂ ಐತೆ."

"ಹಂಗಾರೆ ಕೊಡಬಾರ್ದು. ಭೇದಿ ಜಾಸ್ತಿ ಆಗ್ತೈತೆ."

ಕಮಲಮ್ಮ ನನ್ನ ಕಡೆ ನೋಡಿದರು. ನಾನು ಆಗ ಒಂದು ಮಾತು, "ನನಗೆ ಸರಿಯಾಗಿ ಗೊತ್ತಿಲ್ಲ, ಡಾಕ್ಟರನ್ನು ಕೇಳೋಣ" ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ನಾನು ತಟ್ಟೆ, ಆಲೂಗಡ್ಡೆ ತರಿಸಿದೆ. ಮಧ್ಯಾಹ್ನದ ಹೊತ್ತಿಗೆ ಗುಳಿ ತುಂಬಿತು. ಸುದ್ದಿ ಕೇಳಿ ಊರಿನ ಹೆಂಗಸರೂ ಕಿಟಕಿಗೆ ಬಂದು ನಿಂತಿದ್ದರು.

"ನೋಡಿ ಕಮಲಮ್ಮನವರೇ," ಅಂದೆ. "ಕರುಳೂ ಹೀಗೇ. ನೀವು ಸಕ್ಕರೆ ಹಾಕಿದರೆ ಮೈಯ ನೀರು ಹೊರಗೆ ಬರುತ್ತದೆ."

"ಒಳಗಿಂದು ನಂಗೇನೂ ತಿಳೀದು ಮೇಷ್ಟ್ರೇ," ಅಂದರು ಅವರು. ದನಿ ಸಣ್ಣಗಾಗಿತ್ತು. "ಡಾಕ್ಟ್ರು ಕೊಡು ಅಂದ್ರು, ಕೊಟ್ಟೆ. ನೀವು ಓದಿದೋರು. ನೀವ್ ಹಿಂಗಂದ್ ಮ್ಯಾಲೆ ನಾನ್ಯಾಕೆ ಕೂಸುಗಳ ಪಾಪ ಕಟ್ಕಳ್ಳಿ?"

ಚೀಲ ಎತ್ತಿಕೊಂಡು ಹೋದರು. ಮನೆಗೆ ಒಯ್ದಿದ್ದ ಪೊಟ್ಟಣಗಳನ್ನು ಹೆಂಗಸರು ತಂದು ಅವರ ಜಗುಲಿಗೆ ಎಸೆದು ಹೋದರಂತೆ. ಪುಡಿ ಯಾಕೆ ಹಂಚಿಲ್ಲ ಅಂತ ಡಾಕ್ಟರು ಅವರನ್ನು ಮೀಟಿಂಗಿನಲ್ಲಿ ನಿಲ್ಲಿಸಿ ಬೈದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಕಮಲಮ್ಮ ಬೀದಿಯಲ್ಲಿ ಸಿಕ್ಕರೆ "ನಮಸ್ಕಾರ ಮೇಷ್ಟ್ರೇ" ಅಂದು ನಿಲ್ಲದೆ ಹೋಗುತ್ತಿದ್ದರು. ಅದನ್ನು ನಾನು ಗೌರವ ಅಂದುಕೊಂಡಿದ್ದೆ. ಆ ಮಳೆಗಾಲದಲ್ಲಿ ಯಾರ ಮನೆಯ ಕೂಸಿಗೆ ಏನಾಯಿತು ಅಂತ ನಾನು ವಿಚಾರಿಸಲೂ ಇಲ್ಲ.

ಮುಂದೆ ನನಗೆ ನ್ಯಾಮತಿ ಕಡೆಗೆ ವರ್ಗವಾಯಿತು. ಎಂಬತ್ತರ ದಶಕದ ನಡುಭಾಗ. ಹೊಸ ಪಠ್ಯ ಬಂತು, ಅದರ ಜೊತೆ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ತರಬೇತಿ. ಪಾಠ ಮಾಡಲು ಬಂದ ಅಧ್ಯಾಪಕಿ ನನಗಿಂತ ಎಷ್ಟೋ ಚಿಕ್ಕವರು. ಮೈಸೂರು ಕಡೆಯವರು, ಮೆತ್ತಗಿನ ಮಾತು. "ಪೊರೆಯ ಪಾಠ ಯಾರು ಹೇಗೆ ಮಾಡ್ತೀರಿ, ಹೇಳ್ತೀರಾ?" ಅಂದರು. ನಾನು ಸುಮ್ಮನಿರುವ ಜಾತಿಯೇ? ಎದ್ದೆ. ಆಲೂಗಡ್ಡೆ ಹೇಳಿದೆ, ಘೋಷಣೆ ಹೇಳಿದೆ, ಹಾಲ್ ತುಂಬ ಮೇಷ್ಟ್ರುಗಳು ತಲೆದೂಗಿದರು. ಅಲ್ಲಿಗೇ ಕೂರಬಾರದೆ? "ಬರೀ ಪಾಠವಲ್ಲ ಮೇಡಂ," ಅಂದೆ. "ಭೇದಿಯಾದ ಮಕ್ಕಳಿಗೆ ಸಕ್ಕರೆ ನೀರು ಕುಡಿಸುವುದನ್ನು ಒಂದು ಊರಿಗೆ ಊರೇ ಬಿಡುವಂತೆ ಮಾಡಿದೆ."

ಅವರ ಕೈಯ ಸೀಮೆಸುಣ್ಣ ಹಾಗೇ ನಿಂತಿತು. "ಕೂತ್ಕೊಳಿ ಸರ್" ಅಂದರು.

ಆಮೇಲೆ ಹಲಗೆಯ ಮೇಲೆ ಕರುಳಿನ ಗೋಡೆಯ ಒಂದು ಜೀವಕೋಶ ಬರೆದರು. ಅದರ ಪೊರೆಯಲ್ಲಿ ಅಲ್ಲಲ್ಲಿ ಬಾಗಿಲು ಬರೆದರು. ಈ ಬಾಗಿಲುಗಳು ಪ್ರೋಟೀನಿನವು, ಒಂದೊಂದಕ್ಕೂ ಒಂದೊಂದು ನೇಮ ಅಂದರು. ಅದರಲ್ಲಿ ಒಂದರ ನೇಮ ವಿಚಿತ್ರ. ಉಪ್ಪು ಒಂಟಿಯಾಗಿ ಬಂದರೆ ಒಳಗೆ ಬಿಡುವುದಿಲ್ಲ, ಸಕ್ಕರೆ ಒಂಟಿಯಾಗಿ ಬಂದರೂ ಬಿಡುವುದಿಲ್ಲ, ಎರಡೂ ಜೋಡಿಯಾಗಿ ಬಂದರೆ ಒಳಕ್ಕೆ ದಾಟಿಸುತ್ತದೆ. ಅವು ಒಳಗೆ ಹೋದವೆಂದರೆ ನೀರು ಅವುಗಳ ಬೆನ್ನು ಹತ್ತಿ ಮೈಗೆ ಸೇರುತ್ತದೆ. ಎಷ್ಟೇ ಭೇದಿಯಾಗುತ್ತಿದ್ದರೂ ಈ ಬಾಗಿಲು ಸಾಮಾನ್ಯವಾಗಿ ಕೆಡುವುದಿಲ್ಲ. ಆ ಪೊಟ್ಟಣ ಮಾಡಿರುವುದೇ ಈ ಬಾಗಿಲಿಗಾಗಿ. ಅಳತೆ ಮೀರಿ ಸಕ್ಕರೆ ಸುರಿದರೆ ಅದು ನೀರನ್ನು ಕರುಳಿಗೆ ಎಳೆಯುವುದು ನಿಜ, ಅಳತೆಯಲ್ಲಿದ್ದರೆ ಅದೇ ಸಕ್ಕರೆ ಜೀವ ಉಳಿಸುತ್ತದೆ. ಇಷ್ಟು ಹೇಳಿ, ಕೊನೆಗೆ ನನ್ನ ಕಡೆ ತಿರುಗಿದರು.

"ಸರ್, ನಾವು ಆಲೂಗಡ್ಡೆಯಲ್ಲ" ಅಂದರು.

ಅವರು ಹಂಗಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಬೇರೆ ಯಾರೂ ನಗದಿದ್ದಾಗ ಅವರೂ ನಿಲ್ಲಿಸಿದರು. ಆ ಮೌನಕ್ಕಿಂತ ಎಲ್ಲರೂ ಕೇಕೆ ಹಾಕಿದ್ದರೆ ಚೆನ್ನಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊಟದ ಬಿಡುವಿನಲ್ಲಿ ನಾನು ಎಲೆಗೆ ಕೂರದೆ ಬಸ್ ಹತ್ತಿದೆ. ಕಿಟಕಿಯಲ್ಲಿ ಕಂಡದ್ದೆಲ್ಲ ಆ ಊರಿನ ಹೆಂಗಸರ ಮುಖ.

ನ್ಯಾಮತಿಯಲ್ಲಿ ಪಾಠ ಬದಲಿಸಿದೆ. ಇಬ್ಬರು ಮಕ್ಕಳನ್ನು ತರಗತಿಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುವುದು, ಅವರು ಪ್ರೋಟೀನು. ಮಿಕ್ಕವರಲ್ಲಿ ಅರ್ಧ ಉಪ್ಪು, ಅರ್ಧ ಸಕ್ಕರೆ. ಕೈ ಕೈ ಹಿಡಿದು ಬಂದ ಜೋಡಿಗೆ ಮಾತ್ರ ಪ್ರವೇಶ. ಮಕ್ಕಳಿಗೆ ಅದು ಆಟ, ಮರೆಯುತ್ತಿರಲಿಲ್ಲ. ಇಷ್ಟನ್ನು ಮಾಡಿದೆ. ಆದರೆ ಆ ಹಳ್ಳಿಗೆ ಹೋಗಿ ನಾನು ಹೇಳಿದ್ದು ತಪ್ಪು ಅಂತ ಹೇಳಲಿಲ್ಲ. ಚನ್ನಗಿರಿ ಬಸ್ಸು ನಮ್ಮೂರಿನಿಂದ ಸಿಗದ ಬಸ್ಸೇನಲ್ಲ. ಈ ಭಾನುವಾರ, ಮುಂದಿನ ಭಾನುವಾರ ಅನ್ನುತ್ತಿದ್ದೆ. ಅಷ್ಟು ಹಳೆಯ ಮಾತು ಯಾರ ನೆನಪಿನಲ್ಲಿದೆ ಅಂತ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸಾಯುವ ತನಕ ಮರೆಯಬಾರದು ಅಂತ ಮೇಜು ಕುಟ್ಟಿ ಕಲಿಸಿದವನು ನಾನೇ!

ಒಂದು ಬೆಳಿಗ್ಗೆ ಅದೇ ಆಟ ನಡೆದಿತ್ತು. ಬಾಗಿಲಲ್ಲಿ ಗಲಾಟೆ. "ಒಬ್ರೇ ಬಂದ್ರೆ ಬಿಡಂಗಿಲ್ಲ, ಜೋಡಿ ಬೇಕು!" ಅಂತ ಕಾವಲಿನ ಮಕ್ಕಳು ಯಾರನ್ನೋ ಅಡ್ಡಗಟ್ಟಿದ್ದರು. ನೋಡಿದರೆ ಕಮಲಮ್ಮ. ಕೂದಲು ಅರ್ಧ ನೆರೆತಿತ್ತು, ಕೈಯಲ್ಲಿ ಅಂಥದೇ ಚೀಲ.

"ಏನ್ರೀ ಮೇಷ್ಟ್ರೇ ಇದು?"

"ಉಪ್ಪು ಸಕ್ಕರೆಯ ಪಾಠ ಅಮ್ಮ," ಅಂದೆ. ನೆಲ ನೋಡಿಕೊಂಡೇ ಅಂದೆ.

ಅವರು ಹಲಗೆಯ ಮೇಲಿನ ಬಾಗಿಲಿನ ಚಿತ್ರ ನೋಡಿದರು, ನನ್ನನ್ನು ನೋಡಿದರು. "ಓಹೋ, ತಿಳಿದೈತಿ ಹಂಗಾರೆ" ಅಂದರು. "ನಂಗೀಗ ಹೊನ್ನಾಳಿ ಕಡಿಗೆ ಹಾಕ್ಯಾರೆ. ನಿಮ್ಮ ಶಾಂತ ಅಲ್ಲಿಗೇ ಕೊಟ್ಟೋಳು. ಅವಳ ಕೂಸಿಗೆ ನಿನ್ನೆಯಿಂದ ಭೇದಿ. ನಾನ್ ಕಲಸಿ ಕೊಟ್ರೆ ಮುಟ್ಟಾಕೆ ಒಲ್ಲಳು. ನಮ್ ಮೇಷ್ಟ್ರು ಹೇಳ್ಯಾರೆ, ಆಲೂಗಡ್ಡೆ ನೋಡೀನಿ ಅಂತಾಳೆ. ನೀವ್ ಇಲ್ಲಿದೀರಿ ಅಂತ ಕೇಳ್ಕಂಡು ಬಂದೀನಿ, ನೀವ್ ಬಂದ್ರೇನೇ ಆಗೋದು. ಏಳ್ರಿ."

ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಬಹಳ ಹೊತ್ತು ಧೈರ್ಯ ಬರಲಿಲ್ಲ. ಕೊನೆಗೆ ಕೇಳಿದೆ: "ಕಮಲಮ್ಮ, ಆ ವರ್ಷ ಆ ಊರಲ್ಲಿ ಕೂಸುಗಳಿಗೆ..."

"ಅದ್ನ ಕೇಳಬ್ಯಾಡ್ರಿ ಮೇಷ್ಟ್ರೇ," ಅಂದರು. "ನಾನೂ ಚೀಲ ಎತ್ಕೊಂಡು ಬಂದುಬಿಟ್ನಲ್ಲ. ನಂದೂ ಐತೆ ಪಾಲು" ಅಂದು ಸೆರಗಿನಿಂದ ಮುಖ ಒರೆಸಿಕೊಂಡರು. ಹೊನ್ನಾಳಿಯಲ್ಲಿ ಇಳಿದು ಅವರ ಹಿಂದೆ ಹೆಜ್ಜೆ ಹಾಕಿದೆ.

ಶಾಂತ ನನ್ನನ್ನು ಕಂಡು ಅಳುತ್ತಲೇ ನಕ್ಕಳು. "ಸಾ, ನೀವು ಬಂದ್ರಾ! ನೋಡ್ರಿ ಸಾ, ನಾನ್ ಮರ್ತಿಲ್ಲ. ಬರೀ ಉಪ್ಪು ನೀರು ಕೊಡ್ತಾ ಇದೀನಿ, ಒಂದ್ ಹರಳು ಸಕ್ಕರೆ ಹಾಕಿಲ್ಲ."

ತೊಡೆಯ ಮೇಲೆ ಕೂಸು ಮಲಗಿತ್ತು. ಕಣ್ಣು ಗುಳಿಬಿದ್ದಿತ್ತು. ಅಳುತ್ತಿತ್ತು, ಕಣ್ಣೀರಿರಲಿಲ್ಲ. ಕಮಲಮ್ಮ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಅದು ತಟಕ್ಕನೆ ಇಳಿಯಲಿಲ್ಲ. "ಇನ್ನೂ ಕುಡಿಯೋ ಶಕ್ತಿ ಐತೆ," ಅಂದರು ಅವರು. "ಈಗ ಕುಡಿಸ್ಬೇಕು. ಉಚ್ಚೆ ಹೊಯ್ದು ಎಷ್ಟ್ ಹೊತ್ತಾತೋ. ಕುಡೀದಿದ್ರೆ ಶಿವಮೊಗ್ಗಕ್ಕೆ ಓಡ್ಬೇಕು, ಆಮ್ಯಾಲೆ ನನ್ ಕೈಯಾಗಿಲ್ಲ."

"ಶಾಂತ," ಅಂದೆ. "ನಾನು ಹೇಳಿಕೊಟ್ಟದ್ದು ತಪ್ಪು ಕಣಮ್ಮ. ಆ ನೀರು ಕುಡಿಸು."

ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. "ನರ್ಸಮ್ಮ ಹೇಳಿಸ್ತಾ ಇದಾರೆ ಅಲ್ವಾ ಸಾ? ನಾನೇ ನೋಡೀನಲ್ಲ ಗುಳಿ ತುಂಬಿದ್ದು."

ಬಾಗಿಲು, ಜೋಡಿ, ಪ್ರೋಟೀನು ಎಲ್ಲ ಹೇಳಿದೆ. ಅವಳ ಅತ್ತೆ ಒಳಗಿನಿಂದ, "ಆವಾಗ ಹಂಗಂದ್ರು, ಈಗ ಹಿಂಗಂತಾರೆ. ಓದಿದೋರ ಮಾತು ಯಾವ್ದು ನಂಬಾಕೆ ಆಗ್ತೈತಿ?" ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೋರಿಸಲು ಈ ಸಲ ತಟ್ಟೆಯೂ ಇಲ್ಲ, ಆಲೂಗಡ್ಡೆಯೂ ಇಲ್ಲ.

ಶಾಂತ ನನ್ನನ್ನೇ ನೋಡುತ್ತಿದ್ದಳು. ಮೊದಲ ಬೆಂಚಿನಿಂದ ನೋಡುತ್ತಿದ್ದಳಲ್ಲ, ಹಾಗೇ. "ತಪ್ಪು ಅಂತ ಯಾವಾಗ ಗೊತ್ತಾತು ಸಾ?"

"ಎರಡು ವರ್ಷದ ಹಿಂದೆ."

"ಮತ್ತೆ ನಮ್ಮೂರಿಗೆ ಬಂದು ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳಲು ಎಷ್ಟೋ ದಾರಿಯಿತ್ತು. ಪರೀಕ್ಷೆ ಇತ್ತು, ಆರೋಗ್ಯ ಸರಿಯಿರಲಿಲ್ಲ, ರಜೆ ಸಿಗಲಿಲ್ಲ. ಕೂಸು ಒಣ ತುಟಿ ನೆಕ್ಕಿಕೊಂಡಿತು.

"ನಾಚಿಕೆಯಾಯಿತು," ಅಂದೆ. "ಮೇಷ್ಟ್ರು ತಪ್ಪು ಹೇಳಿದ್ದ ಅಂತ ನೀವೆಲ್ಲ ಅಂದುಕೊಳ್ಳುತ್ತೀರಿ ಅಂತ ಹೆದರಿದೆ."

ಅವಳು ಎದ್ದು ಬಂದು ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. "ನೀವೇ ಕುಡಿಸ್ರಿ" ಅಂದಳು.

ಕಮಲಮ್ಮ ಹೊಸದಾಗಿ ಕಲಸಿಕೊಟ್ಟರು. ನಾನು ಚಮಚದಿಂದ ಬಾಯಿಗೆ ಹಾಕಿದೆ, ಅರ್ಧ ಕೂಸಿನ ಕುತ್ತಿಗೆಗೇ ಹೋಯಿತು. ಒಮ್ಮೆ ಎಲ್ಲ ಕಕ್ಕಿಬಿಟ್ಟಿತು. ಶಾಂತ ಬಾಯಿಗೆ ಸೆರಗು ಒತ್ತಿಕೊಂಡಳು. "ಹೆದರಬ್ಯಾಡ್ರಿ, ಸ್ವಲ್ಪ ತಡೆದು ಮತ್ತೆ ಕೊಡ್ರಿ, ನಿಧಾನ" ಅಂದರು ಕಮಲಮ್ಮ. ಕೊಟ್ಟೆ. ಬಿಸಿಲು ಹೊಸ್ತಿಲಿನಿಂದ ಗೋಡೆಗೆ ಏರಿತು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತಿದ್ದು ಅದೊಂದೇ ಸಲ. ಕಾಣದ ಆ ಬಾಗಿಲುಗಳು ತೆರೆಯುತ್ತಿವೆಯೋ ಇಲ್ಲವೋ, ಯಾರನ್ನು ಕೇಳುವುದು? ದೇವರೇ, ಶಿವಮೊಗ್ಗದ ಆ ಅಧ್ಯಾಪಕಿ ಹೇಳಿದ್ದು ನಿಜವಾಗಿರಲಿ ಅಂತ ಬೇಡಿಕೊಂಡೆ.

ಸಂಜೆಯಾಗುವ ಹೊತ್ತಿಗೆ ನನ್ನ ತೊಡೆ ಬೆಚ್ಚಗಾಯಿತು. ಪ್ಯಾಂಟು ಒದ್ದೆ.

"ಹೊಯ್ತು! ಉಚ್ಚೆ ಹೊಯ್ತು!" ಅಂತ ಕಮಲಮ್ಮ ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ಅತ್ತೆ ಅಡುಗೆ ಮನೆಯಿಂದ ಓಡಿ ಬಂದಳು. ಕೂಸು ದನಿ ತೆಗೆದು ಅತ್ತಿತು, ಈ ಸಲ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ?

ಶಾಂತ ಕೂಸನ್ನು ಎತ್ತಿಕೊಂಡು ಮುತ್ತಿಟ್ಟಳು. ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟಳು, ಒರೆಸಿಕೊಳ್ಳಲು ಟವೆಲ್ಲು ಕೊಟ್ಟಳು. ನಾನು ಬಾಗಿ ಪ್ಯಾಂಟು ತೊಳೆದುಕೊಳ್ಳುತ್ತಿದ್ದಾಗ ಎದುರಿಗೆ ಕೂತು ಕೇಳಿದಳು. ಸಿಟ್ಟಿನಿಂದಲ್ಲ. ತರಗತಿಯಲ್ಲಿ ಅನುಮಾನ ಕೇಳುತ್ತಿದ್ದ ಅದೇ ದನಿ.

"ಸಾ, ನಮಗೆ ಇನ್ನೂ ಯಾವ್ಯಾವ್ದು ತಪ್ಪು ಕಲ್ಸೀರಿ? ಈಗ್ಲೇ ಹೇಳಿಬಿಡ್ರಿ ಸಾ. ಇವ್ನು ದೊಡ್ಡೋನಾದ್ ಮ್ಯಾಲೆ ಅದ್ನೆಲ್ಲ ನಾನೇ ಹೇಳ್ಕೊಡೋಳು."